ತೂತುಗಳ ಸಂಗ್ರಹ

ಮುವ್ವತ್ತೊಂದು ವರ್ಷ ನಾನೇ ಹಂಚಿದ್ದು ಇವನ್ನೆಲ್ಲ,
ಕ್ಯಾಲ್ಯುಮೆಟ್ ಊರಿನಿಂದ ಸರೋವರದ ದಂಡೆಯವರೆಗೆ
ನೂರ ಹನ್ನೆರಡು ಡಬ್ಬಿ, ನಲವತ್ತು ಮೈಲಿ,
ಕಂದು ಕಾಗದದಲ್ಲಿ ಸುರುಳಿ ಸುತ್ತಿಕೊಂಡ ಜಿಂಕೆ, ಟ್ರೌಟು, ಬಾತು.
ಈಗ ಶನಿವಾರ ಶನಿವಾರ ಸತ್ತವರ ಮನೆಯ ಹರಾಜಿಗೆ ಹೋಗಿ
ಹಂಚಿದ್ದನ್ನೇ ಹೆಕ್ಕಿ ತರುತ್ತೇನೆ.

ಬೇಟೆಯ ಪತ್ರಿಕೆ, ಮೀನಿನ ಪತ್ರಿಕೆ.
ನಾನು ಮಾತ್ರ ಒಂದು ಮೊಲಕ್ಕೂ ಗುರಿ ಇಟ್ಟವಳಲ್ಲ.
ಗಾಳದ ಹುಳ ಮುಟ್ಟಲು ಇವತ್ತಿಗೂ ಹೇಸಿಗೆ.

ಉಳಿದವರು ಮುಖಪುಟ ನೋಡುತ್ತಾರೆ:
ಕೆಂಪು ಚೌಕಳಿ ಕೋಟಿನವನು, ಎದುರಿಗೆ ಎದ್ದು ನಿಂತ ಕರಡಿ.
ಬೆನ್ನು ಗಟ್ಟಿಯೇ, ಪಿನ್ನು ತುಕ್ಕೇ, ನೆಲಮಾಳಿಗೆಯ ಮುಗ್ಗು ಹತ್ತಿದೆಯೇ,
ಕೊನೆಗೆ ಹಿಂದಿನ ಹಾಳೆಗಳನ್ನು ತಿರುವಿ
"ಅಯ್ಯೋ, ಕೂಪನ್ ಕತ್ತರಿಸಿದ್ದಾರೆ" ಎಂದು ಕೆಳಗಿಡುತ್ತಾರೆ.
ಅಂಥದಕ್ಕೆ ಕವಡೆ ಕಿಮ್ಮತ್ತಿಲ್ಲ.
ನನಗೆ ಅಂಥದೇ ಬೇಕು.

ಹಳೇ ಕಾಗದದ ವ್ಯಾಪಾರಿ ಡ್ವೇನ್ ಟ್ರೆವಾನಿಯನ್
ಫೋನು ಮಾಡುತ್ತಾನೆ: "ಲೆಂಪಿ, ನಿನಗೊಂದು ಚೀಲ ತೂತು ಬಂದಿದೆ."
ಡಾಲರಿಗೆ ಐದು.

ನೋಡಿ, ತೊಂಬತ್ತೇಳನೇ ಪುಟದಲ್ಲಿ ಆಯತದ ಒಂದು ಕಿಟಕಿ,
ಅದರಾಚೆಗೆ ತೊಂಬತ್ತೊಂಬತ್ತನೇ ಪುಟದ ಪೈಕ್ ಮೀನಿನ ಒಂಟಿ ಕಣ್ಣು.
ಇನ್ನೊಂದರಲ್ಲಿ ಯಾರದೋ ಬೂಟು, ಬೂಟಿನ ಲಾಡಿ, ಹಿಮ.
ಕತ್ತರಿ ನೇರ ಹೋಗಿದ್ದರೆ ಅಳತೆ ಬಲ್ಲ ಕೈ,
ಅಂಚು ಜಗಿದ ಹಾಗಿದ್ದರೆ ಮೀನು ಸೀಳುವ ಚೂರಿ,
ಹರಿದೇ ತೆಗೆದಿದ್ದರೆ ತಡೆಯಲಾಗದ ಆಸೆ.
ಗಣಿ ಮುಚ್ಚಿದ ವರ್ಷ ತೂತುಗಳು ಜಾಸ್ತಿ:
ಮನೆಯಲ್ಲೇ ಕೂತು ತೊಗಲು ಹದಮಾಡಿ ಹಣ ಗಳಿಸಿ,
ಬಿಟ್ಟಿ ಕ್ಯಾಟಲಾಗ್, ಇಂದೇ ಬರೆಯಿರಿ.
ಬರೆದರು. ಒಯ್ದವಳು ನಾನೇ.
ಲಕೋಟೆಯ ತೂಕ ಗೊತ್ತಿತ್ತು, ಅಷ್ಟೇ.

ಹೋದ ಅಕ್ಟೋಬರಿನಲ್ಲಿ ಗ್ರೆಗೊರಿಚ್ ಮನೆಯ ಪೆಟ್ಟಿಗೆ.
ಅರವತ್ತೊಂದರ ನವೆಂಬರ್ ಸಂಚಿಕೆ. ತೂತಿತ್ತು.
ಎರಡು ಪುಟ ದಾಟಿದರೆ
ತೂತಿನಿಂದ ಹೋದದ್ದೂ ಅಲ್ಲೇ ಇತ್ತು,
ನಾಲ್ಕು ಮಡಿಕೆ, ಒಳಗೆ ಅಂಟಿಸಿದ ಹತ್ತು ಸೆಂಟಿನ ನಾಣ್ಯ.
ಸತ್ತ ಹಕ್ಕಿಯನ್ನು ಬದುಕಿದ ಹಾಗೆ ನಿಲ್ಲಿಸುವ ವಿದ್ಯೆ,
ಅಂಚೆಯ ಮೂಲಕ, ಒಂಬತ್ತು ಪಾಠ.
ಪೆನ್ಸಿಲಿನಲ್ಲಿ: ರೋಸಾನ್ ಗ್ರೆಗೊರಿಚ್. ವಯಸ್ಸು ಹನ್ನೊಂದು.
ಅಚ್ಚಾಗಿದ್ದ 'ಶ್ರೀ' ಹೊಡೆದುಹಾಕಿ ಬದಲಿಗೆ ಏನೂ ಬರೆದಿಲ್ಲ.
ಯಾವ ಪ್ರಾಣಿಯಲ್ಲಿ ಆಸಕ್ತಿ?
'ನಮ್ಮ ಕೊಟ್ಟಿಗೆಯ ಗೂಬೆ. ಈಗ ಐಸ್‌ಪೆಟ್ಟಿಗೆಯಲ್ಲಿದೆ.
ದಯವಿಟ್ಟು ಬೇಗ.'

ಆಗ ನೆನಪಾಯಿತು.
ಆ ಚಳಿಗಾಲದ ಒಂದು ದಿನ ಅವರ ಡಬ್ಬಿಯ ಕೆಂಪು ಬಾವುಟ ಎತ್ತಿತ್ತು;
ಎತ್ತಿದ್ದರೆ ಒಯ್ಯಲು ಕಾಗದವಿದೆ ಎಂದರ್ಥ.
ಜೀಪಿನಿಂದಿಳಿದು, ಮೊಣಕಾಲುದ್ದ ಹಿಮ ತುಳಿದು, ತೆಗೆದರೆ
ಬರಿಯ ಡಬ್ಬಿ, ತಗಡಿನ ವಾಸನೆ.
ಶಾಪ ಹಾಕಿ ಬಾವುಟವನ್ನು ಬಡಿದು ಇಳಿಸಿದೆ.
ಕಿಟಕಿಯ ಪರದೆ ಅಲ್ಲಾಡಿತ್ತೇ?
ಅಲ್ಲಾಡಿತ್ತು ಅನ್ನಲು ಈಗ ಆಸೆ.
ಹಿಂದಕ್ಕೆ ತೆಗೆದವರು ಯಾರು? ಅಪ್ಪನೋ,
ಬೆಣ್ಣೆಯ ಪಕ್ಕ ಗೂಬೆಯನ್ನು ಸಹಿಸದ ಅಮ್ಮನೋ,
ಅವಳೇನೋ.

ರೋಸಾನ್ ಗ್ರೀನ್ ಬೇ ಊರಲ್ಲಿ ಹಲ್ಲಿನ ಡಾಕ್ಟರ ಲೆಕ್ಕ ಬರೆದು ನಿವೃತ್ತಳಂತೆ.
ಡ್ವೇನ್ ಹೇಳಿದ: "ತೂತಿಗೆ ಅಂಟಿಸಿಬಿಡು, ಸಂಚಿಕೆ ಪೂರ್ತಿ, ಎಂಬತ್ತು ಡಾಲರ್."
ಅಂಟಿಸಲಿಲ್ಲ.
ನಾಣ್ಯ ಸಮೇತ ಲಕೋಟೆಗೆ ಹಾಕಿ, ಸ್ಟಾಂಪು ಹಚ್ಚಿ, ಅವಳ ವಿಳಾಸ ಬರೆದು
ಮಂಗಳವಾರ ನನ್ನ ಡಬ್ಬಿಯಲ್ಲಿಟ್ಟು ಬಾವುಟ ಎತ್ತಿದೆ.
ಕಾಫಿ ಇಳಿಯುವಷ್ಟರಲ್ಲಿ ಏನನ್ನಿಸಿತೋ
ಮನೆಯ ಚಪ್ಪಲಿಯಲ್ಲೇ ಓಡಿ ಹಿಂದಕ್ಕೆ ತಂದೆ,
ಬಾವುಟ ಇಳಿಸುವುದು ಮರೆತೆ.

ಹೊಸ ಹುಡುಗ ಬಂದ. ಗಾಡಿ ನಿಲ್ಲಿಸಿದ.
ಡಬ್ಬಿಯೊಳಗೆ ಮೊಣಕೈವರೆಗೂ ಕೈ ಹಾಕಿ ತಡಕಾಡಿದ.
ನಾನು ಪರದೆಯ ಹಿಂದೆ,
ಅಲ್ಲಾಡದ ಹಾಗೆ ಹಿಡಿದುಕೊಂಡು.